ಸತ್ತ ಮೇಲಿನ ಸನ್ಮಾನ: ಕಂಪನಿ ಕಟ್ಟಿದವರಿಗೆ ಯಾವ ಅಳತೆಗೋಲು?

ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ತೀರಿಕೊಂಡ ತಂತ್ರಜ್ಞಾನ ಕಂಪನಿಯ ಮುಖ್ಯಸ್ಥರೊಬ್ಬರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವ ಸಲ್ಲಬೇಕೇ ಎಂಬುದು ಅಂದಿನ ವಿಷಯ. ಪರವಾಗಿ ಮಾತಾಡಿದವರೂ ವಿರೋಧವಾಗಿ ಮಾತಾಡಿದವರೂ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರ ಹೆಸರನ್ನೇ ಹಿಡಿದುಕೊಂಡರು. ಜಗತ್ತನ್ನೇ ಬದಲಿಸಿದ ಮನುಷ್ಯ ಎಂದು ಒಂದು ಪಕ್ಷ ಹೇಳಿದರೆ, ಲಾಭ ಮಾಡಿಕೊಂಡ ವ್ಯಾಪಾರಿ ಎಂದು ಇನ್ನೊಂದು ಪಕ್ಷ ಹೇಳಿತು. ಇಬ್ಬರೂ ಹೇಳಿದ್ದು ಸುಳ್ಳಲ್ಲ. ಆದರೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಎಲ್ಲಿಯೂ ತಾಗಲಿಲ್ಲ. ಸ್ಪರ್ಧೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಹಿಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಸತ್ತವರಿಗೆ ಪ್ರಶಸ್ತಿ ಕೊಟ್ರ ಅದು ಖರೇನ ಯಾರಿಗೆ ಮುಟ್ಟತೈತ್ರಿ?" ಎಂದು ಕೇಳಿದಳು. ಆಗ ಹೊಳೆದಷ್ಟು ಹೇಳಿ ಕಳಿಸಿದೆ. ಆ ಉತ್ತರ ನನಗೇ ಸಾಲದೆ ಹೋದದ್ದರಿಂದ, ವಿಷಯವನ್ನು ಬುಡದಿಂದ ಬಿಡಿಸಿ ನೋಡುವ ಪ್ರಯತ್ನ ಇಲ್ಲಿದೆ.

ಮೊದಲು ನಿಯಮಗಳನ್ನು ನೋಡೋಣ, ಏಕೆಂದರೆ ಈ ಚರ್ಚೆಯಲ್ಲಿ ಎಲ್ಲರೂ ದಾಟಿ ಹೋಗುವುದು ಅವುಗಳನ್ನೇ. ಭಾರತರತ್ನ ಆರಂಭವಾದದ್ದು 1954ರ ಜನವರಿಯಲ್ಲಿ. ಆಗಿನ ನಿಯಮದಲ್ಲಿ ಮರಣೋತ್ತರವಾಗಿ ಕೊಡುವ ಅವಕಾಶವೇ ಇರಲಿಲ್ಲ. 1955ರ ತಿದ್ದುಪಡಿಯಿಂದ ಆ ಬಾಗಿಲು ತೆರೆಯಿತು, ಮತ್ತು 1966ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಮರಣೋತ್ತರವಾಗಿ ಈ ಗೌರವ ಪಡೆದವರಲ್ಲಿ ಮೊದಲಿಗರಾದರು. ಇದಕ್ಕೆ ಸಾರ್ವಜನಿಕರ ನಾಮನಿರ್ದೇಶನ ಬೇಕಿಲ್ಲ. ಪ್ರಧಾನಮಂತ್ರಿಗಳು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತಾರೆ. 2024ರಲ್ಲಿ ಘೋಷಣೆಯಾದ ಐವರಲ್ಲಿ ಕರ್ಪೂರಿ ಠಾಕೂರ್, ಚರಣ್ ಸಿಂಗ್, ಪಿ.ವಿ. ನರಸಿಂಹ ರಾವ್ ಮತ್ತು ಎಂ.ಎಸ್. ಸ್ವಾಮಿನಾಥನ್ ಅವರಿಗೆ ಅದು ಸಂದದ್ದು ಮರಣೋತ್ತರವಾಗಿಯೇ. ಅಂದರೆ ಒಂದು ಕಾಲಕ್ಕೆ ಅಪವಾದವಾಗಿದ್ದ ಕ್ರಮ ಈಗ ರೂಢಿಯ ಹತ್ತಿರಕ್ಕೆ ಬಂದಿದೆ. ಉದ್ಯಮಿಗಳ ಪೈಕಿ ಭಾರತರತ್ನ ಪಡೆದವರು ಜೆ.ಆರ್.ಡಿ. ಟಾಟಾ ಒಬ್ಬರೇ, ಅದೂ 1992ರಲ್ಲಿ, ಬದುಕಿದ್ದಾಗ.

ಪದ್ಮ ಪ್ರಶಸ್ತಿಗಳ ದಾರಿ ಬೇರೆ. ಅಲ್ಲಿ ಯಾವ ನಾಗರಿಕರು ಬೇಕಾದರೂ ಆನ್‌ಲೈನ್ ಮೂಲಕ ಹೆಸರು ಸೂಚಿಸಬಹುದು. ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯ ಸಮಿತಿ ಆ ಹೆಸರುಗಳನ್ನು ಪರಿಶೀಲಿಸುತ್ತದೆ. ವರ್ಷಕ್ಕೆ 120ರ ಮಿತಿಯಿದೆ, ಆದರೆ ಮರಣೋತ್ತರ ಪ್ರಶಸ್ತಿಗಳೂ ವಿದೇಶೀಯರಿಗೆ ಕೊಡುವ ಪ್ರಶಸ್ತಿಗಳೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಸಾಮಾನ್ಯವಾಗಿ ಮರಣೋತ್ತರವಾಗಿ ಕೊಡಬಾರದು, ಅತ್ಯಂತ ಅರ್ಹರ ವಿಷಯದಲ್ಲಿ ಮಾತ್ರ, ಅದೂ ಸಾವು ಇತ್ತೀಚಿನದಾಗಿದ್ದರೆ, ಪರಿಗಣಿಸಬಹುದು ಎಂಬುದು ಅದರ ನಿಯಮ. ಈ ನಿಯಮದ ಅಡಿಯಲ್ಲಿಯೇ ಸುಜುಕಿ ಮೋಟಾರ್ ಕಂಪನಿಯನ್ನು ದಶಕಗಳ ಕಾಲ ನಡೆಸಿದ ಒಸಾಮು ಸುಜುಕಿಯವರು 2024ರ ಡಿಸೆಂಬರ್ 25ರಂದು ತೀರಿಕೊಂಡು ಸರಿಯಾಗಿ ಒಂದು ತಿಂಗಳಿಗೆ ಅವರಿಗೆ ಪದ್ಮವಿಭೂಷಣ ಘೋಷಣೆಯಾಯಿತು.

ಇದೇ ನಿಯಮಾವಳಿಯಲ್ಲಿ ಇನ್ನೊಂದು ಸಾಲಿದೆ. ವೈದ್ಯರು ಮತ್ತು ವಿಜ್ಞಾನಿಗಳನ್ನು ಬಿಟ್ಟರೆ, ಸಾರ್ವಜನಿಕ ವಲಯದ ಉದ್ದಿಮೆಗಳಲ್ಲಿ ಸೇವೆಯಲ್ಲಿರುವವರೂ ಸೇರಿದಂತೆ ಸರ್ಕಾರಿ ನೌಕರರು ಪದ್ಮ ಪ್ರಶಸ್ತಿಗೆ ಅರ್ಹರಲ್ಲ ಎಂದು ಅದು ಹೇಳುತ್ತದೆ. ಈ ಸಾಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅದು ಬೇಕಾಗುತ್ತದೆ.

ಇವು ಬಿರುದುಗಳೇ, ಅಲ್ಲವೇ ಎಂಬ ಪ್ರಶ್ನೆಯೂ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದಿದೆ. ಸಂವಿಧಾನದ 18ನೇ ವಿಧಿ ಸೇನೆಯ ಮತ್ತು ವಿದ್ಯೆಯ ಗೌರವಗಳ ಹೊರತು ಸರ್ಕಾರ ಯಾವ ಬಿರುದನ್ನೂ ಕೊಡಬಾರದೆನ್ನುತ್ತದೆ. ಈ ಪ್ರಶಸ್ತಿಗಳು ಬಿರುದುಗಳಲ್ಲ, ಆದ್ದರಿಂದಲೇ ಅವುಗಳನ್ನು ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಬಾಲಾಜಿ ರಾಘವನ್ ಪ್ರಕರಣದಲ್ಲಿ ಹೇಳಿತು. ಮರಣೋತ್ತರ ಎಂಬ ಒಂದೇ ಪದ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ 1992ರ ಘಟನೆ ಸಾಕ್ಷಿ. ಸುಭಾಷ್‌ಚಂದ್ರ ಬೋಸರಿಗೆ ಮರಣೋತ್ತರ ಭಾರತರತ್ನವೆಂದು ಸರ್ಕಾರ ಪ್ರಕಟಿಸಿದಾಗ, ಅವರ ಸಾವನ್ನೇ ಒಪ್ಪದವರು ನ್ಯಾಯಾಲಯದ ಮೆಟ್ಟಿಲೇರಿದರು, ಮತ್ತು ಆ ಪ್ರಕಟಣೆ 1997ರಲ್ಲಿ ರದ್ದಾಯಿತು.

ಇನ್ನು ಜಾಬ್ಸ್ ಅವರ ವಿಷಯ. ಅವರು ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು, 56ನೇ ವಯಸ್ಸಿನಲ್ಲಿ. 2022ರ ಜುಲೈ 7ರಂದು ಅಮೆರಿಕದ ಆಗಿನ ಅಧ್ಯಕ್ಷ ಜೋ ಬೈಡನ್ ಅವರು 17 ಮಂದಿಗೆ ಅಲ್ಲಿನ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಮ್ (ಸ್ವಾತಂತ್ರ್ಯ ಪದಕ) ನೀಡಿದಾಗ, ಅದರಲ್ಲಿ ಮೂವರಿಗೆ ಅದು ಮರಣೋತ್ತರವಾಗಿತ್ತು, ಮತ್ತು ಆ ಮೂವರಲ್ಲಿ ಜಾಬ್ಸ್ ಒಬ್ಬರು. ಪದಕವನ್ನು ಅವರ ಪತ್ನಿ ಲಾರೀನ್ ಪೊವೆಲ್ ಜಾಬ್ಸ್ ಸ್ವೀಕರಿಸಿದರು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಆದೇಶದಿಂದ ಈಗಿನ ರೂಪ ಪಡೆದ ಈ ಪದಕವನ್ನು ಯಾರಿಗೆ ಕೊಡಬೇಕೆಂಬುದು ಅಧ್ಯಕ್ಷರೊಬ್ಬರ ತೀರ್ಮಾನ. ದೇಶದ ಭದ್ರತೆ, ವಿಶ್ವಶಾಂತಿ, ಅಥವಾ ಸಂಸ್ಕೃತಿಯೂ ಸೇರಿದಂತೆ ಸಾರ್ವಜನಿಕ ಇಲ್ಲವೇ ಖಾಸಗಿ ಕ್ಷೇತ್ರದ ಯಾವುದೇ ಮಹತ್ವದ ಕಾರ್ಯಕ್ಕೆ ವಿಶೇಷ ಕೊಡುಗೆ ನೀಡಿದವರಿಗೆ ಇದು ಸಲ್ಲಬಹುದೆಂದು ಆದೇಶ ಹೇಳುತ್ತದೆ. ಖಾಸಗಿ ಎಂಬ ಮಾತು ಅಲ್ಲಿಯೇ ಇರುವುದರಿಂದ, ಕಂಪನಿಯ ಮುಖ್ಯಸ್ಥರಿಗೆ ಕೊಡಬಹುದೇ ಎಂಬುದಕ್ಕೆ ಉತ್ತರ ಸಿಕ್ಕಂತೆಯೇ ಆಯಿತು: ಕೊಡಬಹುದು. ಕೊಡಬೇಕಿತ್ತೇ ಎಂಬುದು ಬೇರೆ ಪ್ರಶ್ನೆ, ಮತ್ತು ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಚರ್ಚೆ ಹಳಿ ತಪ್ಪಿತ್ತು.

ಪದಕದ ಜೊತೆ ಪ್ರಕಟವಾದ ಟಿಪ್ಪಣಿ ಅವರ ದೂರದೃಷ್ಟಿ, ಕಲ್ಪನೆ ಮತ್ತು ಸೃಜನಶೀಲತೆಯನ್ನು ಹೊಗಳಿತು, ಮತ್ತು ಕಂಪ್ಯೂಟರ್, ಸಂಗೀತ, ಸಿನಿಮಾ, ಮೊಬೈಲ್ ಉದ್ಯಮಗಳು ಅವರಿಂದ ಬದಲಾದವೆಂದು ಹೇಳಿತು. ಇದೆಲ್ಲ ನಿಜ. 1984ರ ಮ್ಯಾಕಿಂಟಾಷ್, 2001ರ ಐಪಾಡ್, 2007ರ ಐಫೋನ್ ಇವುಗಳನ್ನು ತೆಗೆದು ಇಂದಿನ ಬದುಕನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಬೈಲಹೊಂಗಲದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿ ಕೂಡ ಇಂದು ಗಾಜಿನ ಮೇಲೆ ಬೆರಳಾಡಿಸಿ ಮೊಮ್ಮಗನ ಮುಖ ನೋಡುತ್ತಾಳೆ. ಆಕೆಯ ಕೈಯಲ್ಲಿರುವುದು ಆ್ಯಪಲ್ ಫೋನ್ ಅಲ್ಲದಿದ್ದರೂ, ಫೋನೆಂದರೆ ಹೀಗಿರಬೇಕು ಎಂಬ ರೂಪವನ್ನು ನಿಲ್ಲಿಸಿದ್ದು ಆ ಕಂಪನಿಯೇ. ಬಳಸುವವರ ಬೆರಳಿಗೆ ಯಂತ್ರ ಹೊಂದಬೇಕೇ ಹೊರತು ಯಂತ್ರಕ್ಕೆ ಬಳಸುವವರು ಹೊಂದಿಕೊಳ್ಳುವುದಲ್ಲ ಎಂಬ ಹಟ ಜಾಬ್ಸ್ ಅವರದಾಗಿತ್ತು. ಆ ಹಟದ ಬೆಲೆ ನನಗೆ ಗೊತ್ತು, ಏಕೆಂದರೆ ಅದಿಲ್ಲದ ಕಾಲದ ಕಂಪ್ಯೂಟರುಗಳನ್ನು ನಾನು ಮಕ್ಕಳಿಗೆ ಕಲಿಸಿದ್ದೇನೆ.

ಆದರೆ ಅದೇ ಫೋನಿನ ಒಳಗೆ ಏನೇನಿದೆ ಎಂದು ನೋಡಬೇಕು. ದಾರಿ ತೋರಿಸುವ ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ಕೆಲಸ. ಇಂಟರ್ನೆಟ್ಟಿನ ಮೂಲ ಅದೇ ಇಲಾಖೆಯ ಹಣದಿಂದ ಬೆಳೆದ ಆರ್ಪಾನೆಟ್. ಫೋನಿನ ಕಾರ್ಯಾಚರಣಾ ವ್ಯವಸ್ಥೆಯ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಯುನಿಕ್ಸ್ ಸಿಗುತ್ತದೆ. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಮತ್ತು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿಯವರ ಸಾವಿನ ಸುದ್ದಿ ಹೊರಬಂದದ್ದು ಜಾಬ್ಸ್ ತೀರಿಕೊಂಡ ಮರುವಾರದಲ್ಲಿ. ನಮ್ಮಲ್ಲಿ ಎಂಜಿನಿಯರಿಂಗ್ ಕಲಿತ ಹೆಚ್ಚಿನವರು ಮೊದಲ ವರ್ಷದಲ್ಲಿ ಬರೆದ ಮೊದಲ ಪ್ರೋಗ್ರಾಂ ಸಿ ಭಾಷೆಯದು. ಆದರೂ ಆ ವಾರ ಒಬ್ಬರಿಗಾಗಿ ಜಗತ್ತಿನಾದ್ಯಂತ ಅಂಗಡಿಗಳ ಮುಂದೆ ಹೂವು ಮೇಣದಬತ್ತಿಗಳು ಬಿದ್ದವು, ಇನ್ನೊಬ್ಬರ ಹೋಗುವಿಕೆಯನ್ನು ಬಲ್ಲವರು ಮಾತ್ರ ಬಲ್ಲವರಿಗೆ ತಿಳಿಸಿದರು. ರಿಚಿಯವರಿಗೆ ಅನ್ಯಾಯವಾಯಿತೆಂದು ನಾನು ಹೇಳುತ್ತಿಲ್ಲ. 1983ರಲ್ಲಿಯೇ ಕೆನ್ ಥಾಂಪ್ಸನ್ ಜೊತೆಗೆ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು. ಅವರ ಕಸುಬಿನವರು ಅವರನ್ನು ಗುರುತಿಸಿದ್ದರು. ಕಸುಬಿನವರು ಕೊಡುವ ಗೌರವಕ್ಕೂ ದೇಶ ಕೊಡುವ ಗೌರವಕ್ಕೂ ಇರುವ ಅಂತರವನ್ನು ಇದು ಚೆನ್ನಾಗಿ ತೋರಿಸುತ್ತದೆ. ಜಾಬ್ಸ್ ಅವರಿಗೂ ಕಸುಬಿನ ಸಾಧನೆಗಾಗಿ ಗೌರವ ಬದುಕಿದ್ದಾಗಲೇ ಸಂದಿತ್ತು: 1985ರಲ್ಲಿ ಆ್ಯಪಲ್‌ನ ಸಹಸ್ಥಾಪಕ ಸ್ಟೀವ್ ವೋಜ್ನಿಯಾಕ್ ಜೊತೆಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂದಾಗ ಅವರಿಗೆ ಮೂವತ್ತರ ಆಸುಪಾಸು. 2012ರಲ್ಲಿ ಸಂಗೀತ ಲೋಕವೂ ಗ್ರ್ಯಾಮಿಯ ಟ್ರಸ್ಟೀಸ್ ಪ್ರಶಸ್ತಿಯನ್ನು ಮರಣೋತ್ತರವಾಗಿ ಕೊಟ್ಟಿತು.

ದೇಶದ ಗೌರವ ಅಂದಾಗ ಮಾತ್ರ ಇನ್ನೊಂದು ಪುಟವನ್ನೂ ತೆರೆಯಬೇಕಾಗುತ್ತದೆ. ಒಬ್ಬರ ಎಂಜಿನಿಯರುಗಳನ್ನು ಇನ್ನೊಬ್ಬರು ಕರೆದುಕೊಳ್ಳಬಾರದೆಂದು ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ ಮುಂತಾದ ಕಂಪನಿಗಳು ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದವೆಂದು ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಆರೋಪಿಸಿತು. ಎಂಜಿನಿಯರುಗಳು ತಾವೇ ಹೂಡಿದ ದಾವೆ 2015ರಲ್ಲಿ 41.5 ಕೋಟಿ ಡಾಲರ್ ಪರಿಹಾರದೊಂದಿಗೆ ಮುಗಿಯಿತು. ಆ ದಾವೆಯಲ್ಲಿ ಹೊರಬಂದ ಪತ್ರಗಳಲ್ಲಿ ಜಾಬ್ಸ್ ಅವರೇ ಬರೆದವು ಇದ್ದವು. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹೋಗಿ ಅಂಥ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ: ನಿನ್ನ ದುಡಿಮೆಗೆ ಎಷ್ಟು ಬೆಲೆ ಎಂಬುದನ್ನು ನಿನ್ನ ಬೆನ್ನ ಹಿಂದೆ ಕೂತು ತೀರ್ಮಾನಿಸಿದಂತೆ ಅದು. ಸ್ವಾತಂತ್ರ್ಯದ ಹೆಸರನ್ನೇ ಹೊತ್ತ ಪದಕವನ್ನು ಕೊಡುವಾಗ ಈ ಪುಟವನ್ನು ಮಡಿಚಿಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಆದ್ದರಿಂದ ಕೇಳಿದರೆ ನನ್ನ ಮತ ಹೀಗೆ: 1985ರ ಪದಕ ನ್ಯಾಯವಾದದ್ದು, 2012ರದ್ದೂ ಸರಿ, 2022ರ ಪದಕವನ್ನು ನಾನಾಗಿದ್ದರೆ ಕೊಡುತ್ತಿರಲಿಲ್ಲ. ಅವರು ಸಣ್ಣವರೆಂದಲ್ಲ. ಅವರು ಜಗತ್ತಿಗೆ ಕೊಟ್ಟದ್ದಕ್ಕೆ ಜಗತ್ತು ಬೆಲೆ ಕಟ್ಟಿ, ಪೂರ್ತಿ ಹಣ ಎಣಿಸಿ, ಅವರು ಬದುಕಿದ್ದಾಗಲೇ ತೀರಿಸಿತ್ತು ಎಂಬ ಕಾರಣಕ್ಕೆ.

ಈ ಅಳತೆಗೋಲು ನಾನು ಹೊಸದಾಗಿ ತಂದದ್ದಲ್ಲ. ನಮ್ಮ ನೆಲದಲ್ಲಿ ಅದು ಕಲ್ಲಿನಲ್ಲಿಯೇ ನಿಂತಿದೆ. ಊರ ಹೊರಗೆ, ಹನುಮಪ್ಪನ ಗುಡಿಯ ಪಕ್ಕದಲ್ಲಿ, ಕೆಲವೊಮ್ಮೆ ಹೊಲದ ಬದುವಿನಲ್ಲಿ ವೀರಗಲ್ಲುಗಳನ್ನು ಕಂಡಿರುತ್ತೀರಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಇವು ಕನ್ನಡ ನಾಡಿನ ಮರಣೋತ್ತರ ಗೌರವಗಳು, ಸಾವಿರ ವರ್ಷಕ್ಕೂ ಹಳೆಯವು. ಬರಹವಿರುವ ಕಲ್ಲುಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಏಕೆ ಈ ಕಲ್ಲು ಎಂಬುದಕ್ಕೆ ಅಲ್ಲಿ ನಿರ್ದಿಷ್ಟ ಕಾರಣವಿರುತ್ತದೆ. ಇಂಥವನು ಊರಿನ ದನಗಳನ್ನು ಹಿಡಿದೊಯ್ಯುತ್ತಿದ್ದಾಗ ಅಡ್ಡಬಂದು, ತುರುಗಳನ್ನು ಮರಳಿಸಿ ಸತ್ತ. ಮಂಡ್ಯ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಕಾರಣಸಹಿತವಾಗಿ ನೆನೆಯುತ್ತದೆ. ಮಹಾಪುರುಷ, ದಾರ್ಶನಿಕ ಎಂಬಂಥ ಬರಿ ಮಾತಿನಿಂದ ಕಲ್ಲು ನಿಲ್ಲಲಿಲ್ಲ. ಊರಿಗೆ ಉಳಿದದ್ದು ಏನು, ಅದಕ್ಕಾಗಿ ಆತ ತೆತ್ತದ್ದು ಏನು ಎಂಬ ಎರಡು ಲೆಕ್ಕ ಅಲ್ಲಿದ್ದವು.

ವ್ಯಾಪಾರಿಗಳ ಹೆಸರು ಕಲ್ಲೇರಲಿಲ್ಲವೇ ಎಂದರೆ, ಖಂಡಿತ ಏರಿತು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತವನ್ನೆಲ್ಲ ಸುತ್ತಿದ ವರ್ತಕರ ಸಂಘ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಆ ಕಾಲದ ದೊಡ್ಡ ಕಂಪನಿಯ ಯಜಮಾನರು. ಶಾಸನಗಳಲ್ಲಿ ಅವರ ಪ್ರಶಸ್ತಿ ಉದ್ದುದ್ದ ಬರುತ್ತದೆ. ಆದರೆ ಅಂಥ ಶಾಸನಗಳನ್ನು ಸಾಮಾನ್ಯವಾಗಿ ಹಾಕಿಸಿದ್ದು ಗುಡಿಗೋ ಕೆರೆಗೋ ತಮ್ಮ ಸರಕಿನ ಮೇಲೆ ಇಂತಿಷ್ಟು ಎಂದು ಬಿಟ್ಟುಕೊಟ್ಟ ದತ್ತಿಯನ್ನು ದಾಖಲಿಸಲು. ಗಳಿಕೆಯ ವರ್ಣನೆ ಬರುವುದು ದತ್ತಿಯ ಬೆನ್ನಿಗೆ.

ಈಗ ಬೆಳಗಾವಿಯ ಪೇಟೆಗೆ ಬನ್ನಿ. ಕಿರ್ಲೋಸ್ಕರ್ ರಸ್ತೆಯಲ್ಲಿ ದಿನಕ್ಕೆ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರು ಯಾರದೆಂದು ಯೋಚಿಸುವವರು ಕಡಿಮೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1888ರಲ್ಲಿ ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ ಅಂಗಡಿ ಇಟ್ಟದ್ದು ಈ ರಸ್ತೆಯಲ್ಲಿ. ಆ ಕಾಲಕ್ಕೆ ಸೈಕಲ್ಲೇ ಹೊಸ ತಂತ್ರಜ್ಞಾನ. ಮುಂದೆ ಅವರು ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ಹೆದರಿದ ರೈತರು ಅದನ್ನು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಅವರಿಗೆ ಆಶ್ರಯ ಕೊಟ್ಟದ್ದು ಬೆಳಗಾವಿಯಲ್ಲ, ಇಂದಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನ. ಅಲ್ಲಿನ ರಾಜರಿಂದ ಹತ್ತು ಸಾವಿರ ರೂಪಾಯಿ ಸಾಲವನ್ನೂ ಜಾಗವನ್ನೂ ಪಡೆದು 1910ರಲ್ಲಿ ಅವರು ಕಟ್ಟಿದ ಊರೇ ಕಿರ್ಲೋಸ್ಕರವಾಡಿ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಅವರು ಎಡೆ ಕೊಡಲಿಲ್ಲ. ಜೈಲಿನಿಂದ ಹೊರಬಂದವರನ್ನು ಕರೆದು ರಾತ್ರಿ ಕಾವಲಿಗೆ ಇಟ್ಟುಕೊಂಡರು.

ನಮ್ಮ ಅಜ್ಜನ ಊರಿನ ಮನೆಯ ಹಿತ್ತಲಿನಲ್ಲಿ ಹಳೆಯ ಕಬ್ಬಿಣದ ರಂಟಿಯೊಂದು, ಅಂದರೆ ನೇಗಿಲು, ದನ ಮೇಯುವ ಗ್ವಾದಲಿಯ ಗೋಡೆಗೆ ಒರಗಿತ್ತು. ಬಾಗಿದ ರೆಕ್ಕೆಯ ಅಂಚು ಸವೆದು ತೆಳ್ಳಗೆ ಬೆಳ್ಳಿಯಂತಾಗಿತ್ತು, ಮೇಲ್ಭಾಗವೆಲ್ಲ ತುಕ್ಕು. ಎರೆಹೊಲದಲ್ಲಿ ಕರಿಕೆ ಹುಲ್ಲು ಹಬ್ಬಿದರೆ ಮರದ ನೇಗಿಲು ಅದರ ಬೇರನ್ನು ಕೆರೆಯುತ್ತದೆ ಅಷ್ಟೆ. ಈ ರಂಟಿ ಮಣ್ಣನ್ನು ಅಡಿಮೇಲು ಮಾಡಿ ಬೇರನ್ನು ಬಿಸಿಲಿಗೆ ಒಡ್ಡುತ್ತಿತ್ತು ಎಂದು ಅಜ್ಜ ಕೈ ಮಗುಚಿ ತೋರಿಸುತ್ತಿದ್ದ. ಕರಿಕೆ ಹತ್ತಿದ ಹೊಲವನ್ನು ಬೀಳು ಬಿಟ್ಟು ದುಡಿಯಲು ಹೋದವರು ಮರಳಿ ಬಂದು ಬಿತ್ತಿದ್ದನ್ನು ಅವನು ಕಂಡಿದ್ದ. ಆ ರಂಟಿಗೆ ಅವನು ದುಡ್ಡು ಕೊಟ್ಟೇ ತಂದಿದ್ದ, ನಿಜ. ಆದರೆ ಜನ ನಗುತ್ತಿದ್ದಾಗ, ಕೊಳ್ಳುವವರಿಲ್ಲದಾಗ, ಎರಡು ವರ್ಷ ಹಿಡಿದ ಪಟ್ಟು ಬಿಡದೆ ಕೂತದ್ದಕ್ಕೆ ಯಾವ ರೈತನೂ ಬೆಲೆ ಕೊಟ್ಟಿರಲಿಲ್ಲ. ಅದನ್ನು ಯಾವ ಅಂಗಡಿಯೂ ಬಿಲ್ಲಿಗೆ ಸೇರಿಸಲಾರದು. ಸಾರ್ವಜನಿಕ ಗೌರವ ತೀರಿಸಬೇಕಾದ ಬಾಕಿ ಅಂಥದ್ದು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದದ್ದು 1969ರಲ್ಲಿ, ಜನ್ಮಶತಮಾನೋತ್ಸವಕ್ಕೆ. ಸಾವಿಗೂ ಗೌರವಕ್ಕೂ ನಡುವೆ ಹದಿಮೂರು ವರ್ಷ ಕಳೆದಿತ್ತು.

ಈ ಅಂತರವೂ ಮುಖ್ಯ. ಕವಿಯೊಬ್ಬರನ್ನು ಗೌರವಿಸಿದರೆ ಯಾರ ಶೇರಿನ ಬೆಲೆಯೂ ಏರುವುದಿಲ್ಲ. ಕಂಪನಿ ಕಟ್ಟಿದವರನ್ನು ಗೌರವಿಸಿದರೆ ಕಂಪನಿಯ ಹೆಸರಿಗೂ ಸರ್ಕಾರದ ಮುದ್ರೆ ಬಿದ್ದಂತಾಗುತ್ತದೆ. ಅದಕ್ಕಾಗಿ ಉದ್ಯಮಿಗಳ ವಿಷಯದಲ್ಲಿ ಸ್ವಲ್ಪ ಕಾಯುವುದು ಒಳ್ಳೆಯದೆಂದು ನಾನು ನಂಬುತ್ತೇನೆ. ರತನ್ ಟಾಟಾ ಅವರು 2024ರ ಅಕ್ಟೋಬರ್ 9ರಂದು ತೀರಿಕೊಂಡ ಮರುದಿನವೇ ಮಹಾರಾಷ್ಟ್ರದ ಸಚಿವ ಸಂಪುಟ ಅವರಿಗೆ ಭಾರತರತ್ನ ನೀಡಬೇಕೆಂದು ನಿರ್ಣಯ ಮಾಡಿತು. ಆ ದುಃಖ ಪ್ರಾಮಾಣಿಕವಾದದ್ದು. ಪುನೀತ್ ರಾಜಕುಮಾರ್ ಹೋದಾಗ ನಾವೂ ಹಾಗೆಯೇ ಇದ್ದೆವು, ನಮ್ಮ ಸರ್ಕಾರವೂ ಕೆಲವೇ ವಾರಗಳಲ್ಲಿ ಕರ್ನಾಟಕ ರತ್ನ ಘೋಷಿಸಿತ್ತು. ಆದರೆ 2021ರ ಫೆಬ್ರವರಿಯಲ್ಲಿ ಸಾಮಾಜಿಕ ಜಾಲತಾಣದಲ್ಲಿ ಇದೇ ಬೇಡಿಕೆ ಎದ್ದಾಗ, ದಯವಿಟ್ಟು ಇಂಥ ಅಭಿಯಾನ ನಿಲ್ಲಿಸಿರೆಂದು ರತನ್ ಟಾಟಾ ಅವರೇ ಕೇಳಿಕೊಂಡಿದ್ದರು. ಬದುಕಿದ್ದವರ ಮಾತಿಗೆ ಅವರು ಹೋದ ಮೇಲೆ ಎಷ್ಟು ತೂಕ ಕೊಡಬೇಕು?

ವಿಜಯಪುರದವರಿಗೆ ಈ ಪ್ರಶ್ನೆ ಹೊಸದಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2018ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು, ಸಂನ್ಯಾಸಿಯಾದ ತಮಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ವಿನಯದಿಂದ ಪತ್ರ ಬರೆದು ಬಿಟ್ಟುಕೊಟ್ಟರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ, ಮೊದಲೇ ಬರೆದಿಟ್ಟಿದ್ದ ಅಂತಿಮ ಅಭಿವಂದನ ಪತ್ರದಲ್ಲಿ ತಮಗೆ ಸ್ಮಾರಕ ಬೇಡವೆಂದೂ ಹೇಳಿದ್ದರು. ಬದುಕಿದ್ದವರು ಬೇಡವೆನ್ನಬಲ್ಲರು, ಸತ್ತವರು ಅನ್ನಲಾರರು. ಹುಡುಗಿ ಕೇಳಿದ ಪ್ರಶ್ನೆಗೆ ಇಲ್ಲಿಂದ ಉತ್ತರ ಸಿಗುತ್ತದೆ: ಮರಣೋತ್ತರ ಗೌರವ ಮುಟ್ಟುವುದು ಸತ್ತವರಿಗಲ್ಲ, ಕೊಟ್ಟವರಿಗೆ ಮತ್ತು ನೋಡುತ್ತ ನಿಂತವರಿಗೆ. ಯಾರಂತೆ ಆಗಬೇಕು ಎಂದು ಇಪ್ಪತ್ತರ ಹರೆಯದವರಿಗೆ ದೇಶ ಕೈ ಮಾಡಿ ತೋರಿಸುವ ಬಗೆ ಅದು.

ಹಾಗೆ ತೋರಿಸಬೇಕಾದವರಲ್ಲಿ ಒಬ್ಬರ ಹೆಸರು ಹೇಳುತ್ತೇನೆ: ಆರ್.ಕೆ. ಬಾಳಿಗ. ಎಲೆಕ್ಟ್ರಾನಿಕ್ಸ್ ಉದ್ದಿಮೆ ಬೆಳೆಸಲೆಂದು 1976ರಲ್ಲಿ ಕರ್ನಾಟಕ ಸರ್ಕಾರ ಸ್ಥಾಪಿಸಿದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಅವರು. ಬೆಂಗಳೂರು ಭಾರತದ ಸಿಲಿಕಾನ್ ಕಣಿವೆಯಾಗಬೇಕೆಂದು, ಆ ಮಾತು ಕೇಳಿದವರಿಗೆ ಅರ್ಥವಾಗದ ಕಾಲದಲ್ಲಿ, ಅವರು ಹೇಳುತ್ತಿದ್ದರು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಬಿತ್ತು. ಬಾಳಿಗ ಅವರು 1988ರಲ್ಲಿ ತೀರಿಕೊಂಡರು. ದೇಶದ ಮಾರುಕಟ್ಟೆ ತೆರೆದುಕೊಂಡದ್ದು, ಅಲ್ಲಿನ ಗಾಜಿನ ಕಟ್ಟಡಗಳು ಎದ್ದದ್ದು ಅದರ ಮುಂದಿನ ದಶಕದಲ್ಲಿ. ನೆಟ್ಟ ಗಿಡ ಫಲ ಬಿಡುವುದನ್ನು ಅವರು ನೋಡಲಿಲ್ಲ, ಮತ್ತು ಸರ್ಕಾರಿ ಸಂಸ್ಥೆಯ ಮುಖ್ಯಸ್ಥರಾದ್ದರಿಂದ ಆ ಫಲದಲ್ಲಿ ಅವರಿಗೆ ಶೇರಿನ ಪಾಲೂ ಇರಲಿಲ್ಲ. ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತಿ ಸಂದರ್ಶನಕ್ಕೆ ಹೋದ ನಮ್ಮ ಎಷ್ಟು ವಿದ್ಯಾರ್ಥಿಗಳ ಮೊದಲ ಸಂಬಳ ಅಲ್ಲಿಂದ ಬಂತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪದ್ಮ ನಿಯಮದ ಆ ಸಾಲು ಇಲ್ಲಿ ಬೇಕಾಗುತ್ತದೆ. ಇಂದಿನ ನಿಯಮದ ಪ್ರಕಾರ ಸೇವೆಯಲ್ಲಿರುವ ಅಂಥ ಅಧಿಕಾರಿ ಪದ್ಮ ಪ್ರಶಸ್ತಿಗೆ ಅರ್ಹರಲ್ಲ, ಮತ್ತು ಸತ್ತು ಬಹಳ ಕಾಲವಾದ ಮೇಲೆ ಮರಣೋತ್ತರ ಬಾಗಿಲೂ ಮುಚ್ಚಿರುತ್ತದೆ. ತನ್ನ ಲಾಭಕ್ಕಾಗಿ ಕಟ್ಟಿದವನಿಗೆ ಬದುಕಿದ್ದಾಗ ಮೊದಲ ಬಾಗಿಲಾದರೂ ತೆರೆದಿರುತ್ತದೆ, ಸಾರ್ವಜನಿಕರಿಗಾಗಿ ಕಟ್ಟಿದವನಿಗೆ ಎರಡೂ ಮುಚ್ಚಿವೆ. ಅಧಿಕಾರದಲ್ಲಿದ್ದವರು ತಮ್ಮವರಿಗೇ ಪ್ರಶಸ್ತಿ ಹಂಚಿಕೊಳ್ಳಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಆ ನಿಯಮ ಬಂದಿರಬಹುದು. ಆದರೆ ಸಾವಿನ ನಂತರವೂ ಅದರ ಫಲ ಹೀಗಾಗುವುದು ತಪ್ಪು. 2025ರ ಆಗಸ್ಟ್‌ನಲ್ಲಿ ಆರಂಭವಾದ ಬೆಂಗಳೂರಿನ ಹಳದಿ ಮೆಟ್ರೋ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರದ ನಿಲ್ದಾಣ ಅದಕ್ಕೆ ಹಣ ಒದಗಿಸಿದ ಇನ್ಫೋಸಿಸ್ ಫೌಂಡೇಷನ್ನಿನ ಹೆಸರನ್ನು ಹೊತ್ತಿದೆ. ಆ ನೆರವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅದು ಊರಿಗೆ ಉಪಯೋಗವಾದ ದತ್ತಿಯೇ. ದತ್ತಿಯಿಂದ ಬಂದ ಹೆಸರಿನ ಪಕ್ಕದಲ್ಲಿ, ಋಣದಿಂದ ಬರಬೇಕಾದ ಹೆಸರಿಗೂ ಜಾಗವಿರಲಿ ಎಂಬುದಷ್ಟೇ ನನ್ನ ಮಾತು.

ರಾಜ್ಯದ ಕೈಯಲ್ಲಿ ಇದಕ್ಕೆ ದಾರಿಗಳಿವೆ. ಕರ್ನಾಟಕ ರತ್ನಕ್ಕೆ ಸಾವು ಇತ್ತೀಚಿನದಾಗಿರಬೇಕೆಂಬ ಅಡ್ಡಿ ಇದ್ದಂತಿಲ್ಲ: 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರಿಗೆ ಅದು ಘೋಷಣೆಯಾದದ್ದು 2025ರಲ್ಲಿ. ಕುವೆಂಪು, ರಾಜಕುಮಾರ್ ಅವರಿಂದ ಆರಂಭಿಸಿ ಸಿ.ಎನ್.ಆರ್. ರಾವ್, ಭೀಮಸೇನ ಜೋಶಿಯವರನ್ನು ಒಳಗೊಂಡ ಆ ಪಟ್ಟಿಯಲ್ಲಿ ಉದ್ದಿಮೆ ಕಟ್ಟಿದ ಎಂಜಿನಿಯರ್ ಒಬ್ಬರೂ ಇಲ್ಲ. ಹೆಸರಿಡುವುದು ಇನ್ನೊಂದು ದಾರಿ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ಇಲ್ಲಿನ ವಿಮಾನ ನಿಲ್ದಾಣಕ್ಕೆ ಕಿತ್ತೂರು ರಾಣಿ ಚೆನ್ನಮ್ಮ, ವಿಜಯಪುರದ್ದಕ್ಕೆ ಜಗಜ್ಯೋತಿ ಬಸವೇಶ್ವರರ ಹೆಸರು ಇಡಬೇಕೆಂಬ ನಿರ್ಣಯ ಅಂಗೀಕಾರವಾಗಿ ಕೇಂದ್ರದ ಒಪ್ಪಿಗೆಗೆ ಹೋಯಿತು.

ಪದ್ಮ ನಾಮನಿರ್ದೇಶನದ ಅರ್ಜಿಯಲ್ಲಿ ಸಾಧನೆಯನ್ನು 800 ಪದಗಳ ಒಳಗೆ ಬರೆಯಬೇಕು. ಚರ್ಚಾಸ್ಪರ್ಧೆಯ ನಂತರ ಆ ಹುಡುಗಿ ಮತ್ತು ಅವಳ ಗೆಳತಿಯರಿಗೆ ಇದನ್ನೇ ಅಭ್ಯಾಸವಾಗಿ ಕೊಟ್ಟೆ: ನಿಮಗೆ ಬೇಕಾದ ಒಬ್ಬರನ್ನು ಆರಿಸಿಕೊಳ್ಳಿ, ದೂರದೃಷ್ಟಿ, ಮಹಾನ್, ಸಾಟಿಯಿಲ್ಲದ ಎಂಬ ಪದಗಳನ್ನು ಬಳಸಬೇಡಿ, ಊರಿಗೆ ಏನು ಉಳಿಯಿತು ಎಂಬುದನ್ನಷ್ಟೇ ಬರೆಯಿರಿ. ಜಾಬ್ಸ್ ಅವರನ್ನು ಆರಿಸಿಕೊಂಡವಳು ಮೂರು ಸಲ ಬರೆದು ಮೂರು ಸಲ ಹರಿದಳು. ಹಿಂದಿನ ಬೆಂಚಿನ ಹುಡುಗಿ ಕಿರ್ಲೋಸ್ಕರರನ್ನು ಆರಿಸಿಕೊಂಡಿದ್ದಳು. ಅವಳು ತಂದ ಹಾಳೆಯಲ್ಲಿ 800 ಪದಗಳಿರಲಿಲ್ಲ, ಒಂದೂವರೆ ಪುಟವಿತ್ತು. "ಸರ್, ಇಷ್ಟs ಆತ್ರಿ, ನಡೀತೈತೇನ್ರಿ?" ಎಂದು ಕೇಳಿ ನನ್ನ ಮೇಜಿನ ಮೇಲಿಟ್ಟಳು. ಮೊದಲ ಸಾಲು ಹೀಗಿತ್ತು: ಇವರು ಮಾಡಿದ ಕಬ್ಬಿಣದ ನೇಗಿಲನ್ನು ಎರಡು ವರ್ಷ ಯಾರೂ ಕೊಳ್ಳಲಿಲ್ಲ.